ಸೋಪಿನ ಗಿಡದೊಳಗೊಂದು ಸೊನ್ನೆ

ಫೆಬ್ರವರಿ 9, ಭಾನುವಾರ. ಬೆಳಗ್ಗೆ 7.30

ಮತ್ತೆ ಪೈಪು ನಲ್ಲಿಯಿಂದ ಕಳಚಿಕೊಂಡಿತು. ಮೊಣಕಾಲವರೆಗೆ ಒದ್ದೆ. ಅಕ್ಕ ಅಡುಗೆಮನೆ ಕಿಟಕಿಯಿಂದ ನೋಡಿ ನಕ್ಕಳು. ನಗಲಿ. ಹಿತ್ತಲಲ್ಲಿ ಎರಡು ಸಾಲು ಅಗೆದು ಮುಗಿಸಿದೆ — ಹಗ್ಗ ಕಟ್ಟಿ, ಗೆರೆ ಹೊಡೆದ ಹಾಗೆ ನೇರ. ಆರನೇ ಕ್ಲಾಸಿನಲ್ಲಿ ಶಾಲೆ ತೋಟದ ಲೀಡರ್ ಆಗಿದ್ದವನು ನಾನು. ಇನ್‌ಸ್ಪೆಕ್ಟರು ಬಂದಾಗ ನನ್ನ ಬದನೆಕಾಯಿ ನೋಡಿ ಟೋಪಿ ತೆಗೆದರು. ಸೆಕೆಗೆ ತೆಗೆದಿರಬೇಕು ಅಂತಾರೆ ಭಾವ. ಅವರಿಗೇನು ಗೊತ್ತು.

ಇಷ್ಟೆಲ್ಲ ಸೂಜಿಗಾಗಿ. ಅಕ್ಕನ ಮಗಳು. ಹೆಸರು ಬೇರೆ ಇದೆ, ನಾನಿಟ್ಟದ್ದು ಸೂಜಿ. ಮ್ಯೂಸಿಯಮ್ಮಿನಲ್ಲಿ ಹಳೇ ಬಟ್ಟೆ ತೊಳೆದು, ಹೊಲಿದು, ಸರಿಮಾಡೋ ಕೆಲಸ. ಇನ್ನೂ ಪರ್ಮನೆಂಟ್ ಆಗಿಲ್ಲ. ಮೇ ಕೊನೆಗೆ ಗೊತ್ತಾಗುತ್ತೆ. ಅಲ್ಲಿ ಅಂಗಡಿ ಸೋಪು ಮುಟ್ಟಿಸೋ ಹಾಗಿಲ್ಲವಂತೆ, ಹಳೇ ಬಣ್ಣ ಬಿಟ್ಟುಬಿಡುತ್ತೆ. ಸೋಪಿನ ಹೂ ಅಂತ ಒಂದು ಗಿಡ. ಅದರ ಬೇರು ಕುದಿಸಿದ ನೀರಲ್ಲೇ ತೊಳೀಬೇಕು. ತರಿಸ್ತಿದ್ದ ಕಡೆಯಿಂದ ಬರೋದು ನಿಂತುಹೋಗಿದೆ. ನಿನ್ನೆ ಊಟಕ್ಕೆ ಕೂತಾಗ ಹೇಳಿದಳು.

"ಇಷ್ಟೇನಾ? ನಾನು ಬೆಳೆದುಕೊಡ್ತೀನಿ ಬಿಡೇ. ನಮ್ಮೂರಲ್ಲಿ ಬೇಲಿ ತುಂಬ ಅದೇ ಇತ್ತು" ಅಂದೆ.

"ನಿಜವಾಗ್ಲೂ ಮಾವ?"

"ದನ ತಿಂದು ನೊರೆ ಕಾರ್ತಿದ್ವು."

ಹೇಳಿಬಿಟ್ಟೆ. ನಮ್ಮೂರ ಬೇಲಿಯಲ್ಲಿ ಇದ್ದದ್ದು ಬರೀ ಮುಳ್ಳು.

ಫೆಬ್ರವರಿ 10

ಬೀಜದಂಗಡಿಗೆ ಹೋದೆ. "ಸೋಪಿನ ಬೀಜ ಕೊಡಪ್ಪ. ತಿನ್ನೋಕಲ್ಲ, ಬಿತ್ತೋಕೆ" — ಬೀಜ ತಿಂತಾರಾ ಯಾರಾದರೂ, ಸುಮ್ಮನೆ ತಮಾಷೆಗೆ ಅಂದೆ. ಅವನು ನಗಲೇ ಇಲ್ಲ. "ಬಿತ್ತೋದೂ ಇದೆ ಸಾರ್. ಒಳ್ಳೇ ಮಾಲು. ಊಟ ಆದ್ಮೇಲೆ ಬೇಕೇ ಬೇಕಲ್ಲ" ಅಂದ. ನಿಜ. ಊಟ ಆದ ಮೇಲೆ ಕೈ ತೊಳೆಯದವರು ಯಾರು? ಬುದ್ಧಿವಂತ.

ಪೊಟ್ಟಣದ ಮೇಲೆ ಪೆನ್ನಲ್ಲಿ ಬರೆದುಕೊಟ್ಟ. ಸೋಪು. ನಡುವೆ ಒಂದು ಪುಟ್ಟ ಸುತ್ತು — ನೊಣ ಕೂತಿರಬೇಕು. ಉಗುರಲ್ಲಿ ಕೆರೆದೆ, ಹೋಗಲಿಲ್ಲ. ಬೀಜ ಉದ್ದುದ್ದ, ಮೈಮೇಲೆ ಗೆರೆ. ಎಲ್ಲೋ ನೋಡಿದ ಹಾಗಿದೆ. ಹೋಟೆಲಿನಲ್ಲಿ? ಹೋಟೆಲಿನಲ್ಲಿ ಬೀಜ ಯಾಕೆ ನೋಡ್ತೀನಿ.

ಒಂದು ಸಾಲಿಗೆ ಸೋಪು. ಇನ್ನೊಂದು ಸಾಲಿಗೆ ಅಕ್ಕ ಕೊಟ್ಟ ಬಣ್ಣದ ಹೂವಿನ ಬೀಜ, ಮಿಕ್ಸ್. ಐಸ್‌ಕ್ರೀಮ್ ಕಡ್ಡಿ ಮೇಲೆ ಇಂಕ್ ಪೆನ್ನಲ್ಲಿ ಹೆಸರು ಬರೆದು ನೆಟ್ಟೆ. ನನ್ನ ಅಕ್ಷರ ಈಗಲೂ ದುಂಡಗೆ. ನಮ್ಮ ಮೇಷ್ಟ್ರು ಒಂದು ಕೊಂಬು, ಒಂದು ಸೊನ್ನೆ ಬಿಟ್ಟರೂ ಕಿವಿ ಹಿಂಡುತ್ತಿದ್ದರು.

ಫೆಬ್ರವರಿ 27

ಇಸ್ತ್ರಿ ಅಜ್ಜ ಸಿಕ್ಕಿದ. ಸೂಜಿ ವಿಷಯ ಹೇಳಿದೆ, ನನ್ನ ವಿಷಯ ಇನ್ನೂ ಸ್ವಲ್ಪ ಜಾಸ್ತಿ ಹೇಳಿದೆ. "ನಮ್ಮಪ್ಪನ ಕಾಲದ್ದು ಅದು. ಬಟ್ಟೆ ಒಗೆಯೋ ಕಲ್ಲಿನ ಹಿಂದೆ ಇನ್ನೂ ಇದೆ" ಅಂತ ಒಂದು ಹಿಡಿ ಬೇರು ಕಿತ್ತು ಕಾಗದದಲ್ಲಿ ಸುತ್ತಿಕೊಟ್ಟ.

ಮನೆಗೆ ಬಂದು ಬಿಚ್ಚಿ ನೋಡಿದರೆ ಒಣಗಿದ ಇಲಿಬಾಲ. ಪಾಪ, ವಯಸ್ಸಾಗಿದೆ. ಬಚ್ಚಲ ಹಿಂದೆ ಎಸೆದೆ. ನನ್ನ ಬೀಜ ಮೊಳೆತಿದೆ. ಬೇರು ಯಾರಿಗೆ ಬೇಕು.

ಮಾರ್ಚ್ 20

ಕಡ್ಡಿ ನೋಡಿದೆ. ಎರಡೂ ಬಿಳಿ. ಇಂಕು ತೊಳೆದುಹೋಗಿದೆ. ತೊಳೆದವನೂ ನಾನೇ, ದಿನಾ ಎರಡು ಹೊತ್ತು ಪೈಪು ಹಿಡಿದು.

ಗೋಡೆ ಕಡೆ ಸಾಲು ಸೋಪೋ, ನಲ್ಲಿ ಕಡೆ ಸಾಲು ಸೋಪೋ? ಬಿತ್ತುವಾಗ ಬೆನ್ನು ಯಾವ ಕಡೆ ಇತ್ತು? ಬಿಸಿಲು ಕುತ್ತಿಗೆಗೆ ಬೀಳ್ತಿತ್ತು ಅನ್ನೋದು ನೆನಪಿದೆ. ಹಾಗಾದರೆ ನಲ್ಲಿ ಕಡೆ ಮುಖ. ಆದರೆ ಅದು ಬೆಳಗ್ಗೆಯೋ ಸಂಜೆಯೋ...

ಯಾರಿಗೂ ಹೇಳಿಲ್ಲ. ಹೂ ಬಂದಾಗ ತಾನಾಗೇ ಗೊತ್ತಾಗುತ್ತೆ.

ಏಪ್ರಿಲ್ 14

ಬಚ್ಚಲ ಹಿಂದೆ ಒಂದು ಕಳೆ ಎದ್ದಿದೆ. ಕಿತ್ತಷ್ಟೂ ಬರುತ್ತೆ. ಇವತ್ತು ಮೂರನೇ ಸಲ ಕಿತ್ತೆ. ನೀರಿನ ಡ್ರಮ್ಮಿನ ಸಂದಿಯಲ್ಲಿರೋದಕ್ಕೆ ಕೈ ಹೋಗಲಿಲ್ಲ. ಕೈಯೆಲ್ಲ ಗ್ರೀಸು ಮಣ್ಣು — ಪೈಪು ರಿಪೇರಿ ಮಾಡಿದ್ದೆ. ಆ ಕಳೆ ಕಿತ್ತು ನೀರಿಗೆ ಹಿಡಿದರೆ ಹಾಗೇ ಹೋಗಿಬಿಟ್ಟಿತು, ಸೋಪು ಹುಡುಕೋ ಕೆಲಸವೇ ಬೀಳಲಿಲ್ಲ. ಇವತ್ತು ನೀರು ಮೆತ್ತಗಿದೆ.

ಮೇ 2

ಹೂ ಬಂತು! ನಲ್ಲಿ ಕಡೆ ಸಾಲು. ತಿಳಿಗುಲಾಬಿ. ಐದು ಎಸಳು. ಸೂಜಿ ತಂದುಕೊಟ್ಟ ಚಿತ್ರದಲ್ಲೂ ತಿಳಿಗುಲಾಬಿ, ಐದು ಎಸಳು. ಗೋಡೆ ಕಡೆ ಸಾಲು ಮಾತ್ರ ವಿಚಿತ್ರ. ಎಲೆ ಗರಿ ಗರಿ, ನೆಟ್ಟಗೆ ನನ್ನೆತ್ತರ, ಮೇಲೆ ಹಳದಿ ಛತ್ರಿ. ಅಕ್ಕನ ಮಿಕ್ಸ್ ಬೀಜ ಅಂದರೆ ಅದೇ ಇರಬೇಕು.

ಊಟಕ್ಕೆ ಕೂತಾಗ ಘೋಷಿಸಿದೆ. ಸೂಜಿ ತಟ್ಟೆ ಬಿಟ್ಟು ಎದ್ದಳು. "ಮಾವ, ನಾಳೆನೇ ಮೇಡಂಗೆ ಹೇಳ್ತೀನಿ. ಒಂದು ಫ್ರಾಕು ಇದೆ. ಐದು ವರ್ಷದ ಮಗುವಿಂದು, ನೂರೈವತ್ತು ವರ್ಷ ಹಳೇದು. ಕೆಂಪು ದಾರದ ಕಸೂತಿ. ಅದನ್ನ ನಾನೊಬ್ಬಳೇ ತೊಳೆದು ತೋರಿಸಿದ್ರೆ ಕೆಲಸ ಗಟ್ಟಿ ಅಂದಿದ್ದಾರೆ. ನೀರು ನಿನ್ನದೇ."

"ಡ್ರಮ್ಮುಗಟ್ಟಲೆ ಕೊಡ್ತೀನಿ" ಅಂದೆ.

ಭಾವ ತಟ್ಟೆಯಿಂದ ತಲೆ ಎತ್ತದೆ, "ಮೊದಲು ಒಂದು ಬಾಟಲು ಕೊಡಿ" ಅಂದರು. ಬಸ್ ಡಿಪೋದಲ್ಲಿ ಮೂವತ್ತು ವರ್ಷ ಟೈಮ್‌ಕೀಪರ್ ಆಗಿದ್ದವರು. ಕಣ್ಣಿಗೆ ಕಂಡದ್ದು ಬಿಟ್ಟು ಯಾವುದನ್ನೂ ನಂಬಲ್ಲ.

ಮೇ 9

ಪಕ್ಕದ ಮನೆ ಟೀಚರಮ್ಮ. ಹೈಸ್ಕೂಲಿನಲ್ಲಿ ಗಿಡಮರದ ಪಾಠ ಹೇಳ್ತಿದ್ದರು. ಮೊಣಕಾಲು ನೋವು, ಇಳಿದು ಬರಲ್ಲ, ಕಾಂಪೌಂಡ್ ಮೇಲಿಂದಲೇ ವಿಚಾರಣೆ. ಒಂದು ಗುಲಾಬಿ ಹೂ ಕಿತ್ತುಕೊಟ್ಟೆ. ಮೆಚ್ಚಿಕೊಳ್ಳಲಿ ಅಂತ.

ಅವರು ಎಸಳು ಹಿಡಿದು ಮೆಲ್ಲಗೆ ಎಳೆದರು. ಹೂವು ಪೂರ್ತಿ, ಕೊಳವೆ ಸಮೇತ, ಒಂದೇ ತುಂಡಾಗಿ ಕೈಗೆ ಬಂತು.

"ಇದಲ್ಲ ಕಣ್ರೀ. ಸೋಪಿನ ಹೂವಾದ್ರೆ ಎಸಳು ಒಂದೊಂದೇ ಕಿತ್ತು ಬರ್ಬೇಕು. ಎಲೆ ಮೇಲೆ ಉದ್ದಕ್ಕೆ ಮೂರು ಗೆರೆ. ಕಾಂಡದ ಗೆಣ್ಣು ಉಬ್ಬಿರುತ್ತೆ. ಇದು ಸುಮ್ನೆ ಚೆಂದಕ್ಕೆ ಬೆಳೆಸೋ ಹೂವು."

"ನಮ್ಮೂರಲ್ಲಿ ಹೀಗೇ ಒಟ್ಟಿಗೇ ಬರ್ತಿತ್ತು" ಅಂದೆ.

ಕನ್ನಡಕದ ಮೇಲಿಂದ ನೋಡಿದರು. ನಮ್ಮ ಮೇಷ್ಟ್ರು ಹಾಗೇ ನೋಡ್ತಿದ್ದರು, ಕಿವಿಗೆ ಕೈ ಹಾಕೋ ಮೊದಲು.

ಇದಲ್ಲ ಅಂದರೆ ಗರಿ ಎಲೆಯದ್ದು ಸೋಪು. ಅದು ಚಿತ್ರದ ಹಾಗಿಲ್ಲ. ಚಿತ್ರದ ಹಾಗಿರೋದು ಸೋಪಲ್ಲ. ಹಾಗಾದರೆ ನಾನು ಬಿತ್ತಿದ್ದೇನು? ಎರಡು ಚಿಟಿಕೆ ನಶ್ಯ ಏರಿಸಿದರೂ ತಲೆ ತಿಳಿಯಾಗಲಿಲ್ಲ.

ಮೇ 17, ಶನಿವಾರ. ಮಧ್ಯಾಹ್ನ

ಎರಡೂ ಸಾಲಿಂದ ಒಂದಿಷ್ಟು ಬೇರು ಕಿತ್ತು ಕುದಿಸಿದೆ, ಬೇರೆ ಬೇರೆ ಪಾತ್ರೆಯಲ್ಲಿ. ಸೋಸಿದೆ. ಒಂದನೇ ಬಾಟಲು ಗುಲಾಬಿ ಸಾಲು, ಎರಡನೇ ಬಾಟಲು ಗರಿ ಸಾಲು. ಹಿತ್ತಲ ಮೆಟ್ಟಿಲ ಮೇಲೆ ಕೂತು ಅಲ್ಲಾಡಿಸಿದೆ. ಒಂದನೇದು — ಏನಿಲ್ಲ. ಎರಡನೇದು — ಏನಿಲ್ಲ. ಎರಡು ಕೈಯಲ್ಲಿ ಎರಡನ್ನೂ ಹಿಡಿದು ರಟ್ಟೆ ಬೀಳೋವರೆಗೆ ಅಲ್ಲಾಡಿಸಿದೆ. ನಾಲ್ಕು ಗುಳ್ಳೆ. ಅವೂ ನೋಡ್ತಿದ್ದ ಹಾಗೇ ಒಡೆದವು.

ನಾಳೆ ಎಲ್ಲರೆದುರು ತೋರಿಸ್ತೀನಿ ಅಂದಿದ್ದೀನಿ. ಸೋಮವಾರ ಸೂಜಿ ಒಯ್ಯಬೇಕು.

ಸಂಜೆ 5

ಒಂದನೇ ಬಾಟಲಿಗೆ ಒಂದು ಚಿಟಿಕೆ ಬಟ್ಟೆ ಪುಡಿ ಹಾಕಿದೆ. ಒಂದೇ ಚಿಟಿಕೆ. ನಾಳೆಯ ಮಟ್ಟಿಗೆ. ಭಾವನ ಬಾಯಿ ಮುಚ್ಚಿಸಿ, ಆಮೇಲೆ ಇವೆರಡನ್ನೂ ಚೆಲ್ಲಿ, ಅಸಲಿ ಗಿಡ ಯಾವುದು ಅಂತ ನಿಧಾನಕ್ಕೆ ಹುಡುಕಿದರಾಯಿತು. ಸೂಜಿಗೆ ಈ ಬಾಟಲು ಕೊಡೋ ಪ್ರಶ್ನೆಯೇ ಇಲ್ಲ.

ಮೇ 18, ಭಾನುವಾರ

ಒಂದನೇ ಬಾಟಲು — ನೊರೆ ಕತ್ತಿನವರೆಗೆ. ಸೂಜಿ ಚಪ್ಪಾಳೆ ಹೊಡೆದಳು.

ಎರಡನೇದನ್ನು ಸುಮ್ಮನೆ ಹೋಲಿಸಿ ನೋಡೋಕೆ ಇಟ್ಟಿದ್ದೆ. ಭಾವ ಎತ್ತಿ ಅಲ್ಲಾಡಿಸಿದರು. ಅದರಲ್ಲೂ ನೊರೆ! ಮೊದಲಿನದಕ್ಕಿಂತ ದಪ್ಪ!

ನಾನು ಹಾಕಿದ್ದು ಒಂದಕ್ಕೆ. ಎರಡು ಬಂತು. ನಿನ್ನೆ ಬಾರದ್ದು ಇವತ್ತು ಹೇಗೆ ಬಂತು? ಒಂದು ದಿನ ಇಟ್ಟರೆ ಬಲಿಯುತ್ತಾ? ಅಥವಾ ಗರಿ ಸಾಲೇ ಅಸಲಿ ಸೋಪಾ? ಅಥವಾ ನಾನು ಪುಡಿ ಹಾಕಿದ್ದು ಎರಡನೇದಕ್ಕಾ? ಹಾಗಾದರೆ ಒಂದನೇದು...

"ಒಪ್ಪಿದೆ ಮಹಾರಾಯ್ರೇ" ಅಂದರು ಭಾವ. ನಾನು ಈ ಮನೆಗೆ ಬಂದ ಹದಿನೆಂಟು ವರ್ಷದಲ್ಲಿ ಮೊದಲ ಸಲ. ಆ ಖುಷಿಯಲ್ಲಿ ಇನ್ನೊಂದು ಸಲ ಅಲ್ಲಾಡಿಸಿ ತೋರಿಸಿದೆ.

ಸೂಜಿ ಎರಡೂ ಬಾಟಲು ಬಟ್ಟೆಯಲ್ಲಿ ಸುತ್ತಿ ಬ್ಯಾಗಿಗೆ ಹಾಕಿಕೊಂಡಳು. "ಇನ್ನೂ ಒಂದು ಸಲ ಸೋಸಬೇಕು, ಬಿಟ್ಟಿರು" ಅಂದೆ. "ಅಲ್ಲಿ ಒಳ್ಳೇ ಜರಡಿ ಇದೆ ಮಾವ" ಅಂದಳು.

ಬೆಳಗ್ಗೆ ಹೇಳಿದರಾಯಿತು.

ಮೇ 19. ಮಧ್ಯಾಹ್ನ 12.50

ಏಳೋದರೊಳಗೆ ಹೊರಟುಹೋಗಿದ್ದಳು. ಈಗ ಫೋನು ಬಂತು. ನಗ್ತಾ ಇದ್ದಳು.

"ಮಾವ, ಎರಡನೇ ಬಾಟಲಿಗೆ ಅಮ್ಮ ಶಾಂಪೂ ಹಾಕಿದ್ದಾಳೆ. ಅಮ್ಮನ ತಲೆ ವಾಸನೆ ನನಗೆ ಗೊತ್ತಾಗಲ್ವಾ? ಹೋಗಿ ಬೈಯಿ ಅವಳಿಗೆ. ಒಂದನೇದ್ರಲ್ಲಿ ಬರೀ ಸೊಪ್ಪಿನ ವಾಸನೆ, ಅದು ಸರಿಯಾಗಿದೆ. ಮೂರು ಗಂಟೆಗೆ ಫ್ರಾಕು ನೀರಿಗೆ ಇಳಿಸ್ತೀನಿ."

"ಸೂಜಿ, ಕೇಳಿಲ್ಲಿ—"

"ಮೇಡಂಗೆ ಹೇಳಿದೀನಿ. ನಮ್ಮಾವ ಬಡಾಯಿ ಕೊಚ್ತಾನೆ, ಮೋಸ ಮಾಡಲ್ಲ ಅಂತ. ಇಡ್ತೀನಿ, ಕರೀತಿದ್ದಾರೆ."

ತಿರುಗಿ ಮಾಡಿದೆ. ಎತ್ತಲಿಲ್ಲ. ಒಳಗೆ ಫೋನು ಬಿಡಲ್ಲವಂತೆ.

ಅಕ್ಕ ಬಾಗಿಲಲ್ಲಿ ನಿಂತಿದ್ದಳು. ಎಲ್ಲ ಕೇಳಿಸಿಕೊಂಡಿದ್ದಳು. "ಮೆಟ್ಟಿಲ ಮೇಲೆ ಬಾಟಲು ಹಿಡ್ಕೊಂಡು ಕೂತಿದ್ದೆಯಲ್ಲೋ. ಆ ಮುಖ ನೋಡೋಕಾಗ್ಲಿಲ್ಲ. ಒಂದಕ್ಕೆ ಒಂದು ಚಮಚ ಹಾಕ್ದೆ. ಇನ್ನೊಂದಕ್ಕೂ ಹಾಕೋಣ ಅಂದ್ರೆ ಶಾಂಪೂ ಖಾಲಿ."

"ಇನ್ನೊಂದಕ್ಕೆ ನಾನು ಹಾಕಿದೀನಿ ಅಕ್ಕ."

ಅಕ್ಕ ಚಪ್ಪಲಿ ತಂದು ನನ್ನ ಕಾಲ ಹತ್ತಿರ ಇಟ್ಟಳು. ಹೊರಟೆ.

ಸಂಜೆ 6

ಬಸ್ಸಿಳಿದು ಓಡಿದೆ. ಹಿಂದಿನ ಬಾಗಿಲು, ಉದ್ದ ಕಾರಿಡಾರು, ಕೊನೇ ರೂಮು. ಎರಡೂ ಮುಕ್ಕಾಲು. ಬಾಗಿಲು ಅರ್ಧ ತೆರೆದಿತ್ತು. ಅಗಲವಾದ ಟ್ರೇ, ಅದರ ಪಕ್ಕ ಬಿಳಿ ಬಟ್ಟೆ ಮೇಲೆ ಫ್ರಾಕು. ಅಷ್ಟು ಚಿಕ್ಕದು ಅಂದುಕೊಂಡಿರಲಿಲ್ಲ. ತೋಳು ನನ್ನ ನಾಲ್ಕು ಬೆರಳಷ್ಟು ಅಗಲ.

ಮೇಡಂ ಕೈಯಲ್ಲಿ ನೀರು ಪರೀಕ್ಷೆ ಮಾಡೋ ಒಂದು ಕಾಗದದ ಪಟ್ಟಿ, ತುದಿ ನೀಲಿಗೆ ತಿರುಗಿದ್ದು. "ಇದ್ರಲ್ಲಿ ಏನೋ ಸೇರಿದೆ" ಅಂತಿದ್ದರು.

"ಇಲ್ಲ ಮೇಡಂ, ಸಾಧ್ಯವೇ ಇಲ್ಲ. ಪಟ್ಟಿ ಹಳೇದಿರ್ಬೇಕು. ನಮ್ಮಾವ ಮೂರು ತಿಂಗಳು ದಿನಾ ಎರಡು ಹೊತ್ತು ನೀರು ಹಾಕಿ ಬೆಳೆಸಿದ್ದು" ಅಂದಳು ಸೂಜಿ.

ಇನ್ನೊಂದು ನಿಮಿಷ ಹೊರಗೇ ನಿಂತಿದ್ದರೆ ಇನ್ನೂ ಏನೇನು ಹೇಳ್ತಿದ್ದಳೋ. ಒಳಗೆ ಹೋದೆ. "ಪುಡಿ ಹಾಕಿದ್ದೀನಿ" ಅಂದೆ. ಅಷ್ಟೇ ಬಂತು. ಇಷ್ಟು ವರ್ಷ ಮಾತಾಡಿದ ಬಾಯಿ.

ಸೂಜಿ ನನ್ನನ್ನು ನೋಡಲಿಲ್ಲ. ಬಾಟಲಿಗೆ ಮುಚ್ಚಳ ಹಾಕಿದಳು. ಸರಿಯಾಗಿ ಕೂರಲಿಲ್ಲ, ತೆಗೆದು ಮತ್ತೆ ಹಾಕಿದಳು.

ಮೇಡಂ ಜೋರು ಮಾಡಲಿಲ್ಲ. ಮಾಡಿದ್ದರೆ ಚೆನ್ನಾಗಿತ್ತು. "ಫ್ರಾಕಿಗೇನೂ ಆಗಿಲ್ಲ. ಆದ್ರೆ ಇವಳ ಮಾತು ನಂಬಿ ಕೆಲಸ ಕೊಡೋಳು ನಾನು. ಶುಕ್ರವಾರ ಹತ್ತು ಗಂಟೆಗೆ ಅಸಲಿ ಗಿಡದ ನೀರು ಬರಬೇಕು, ಗಿಡ ಸಮೇತ. ಇಲ್ದಿದ್ರೆ ಈ ಕೆಲಸ ಬೇರೆಯವರಿಗೆ" ಅಂದರು.

ಬಸ್ಸಿನಲ್ಲಿ ಸೂಜಿ ಹೆಂಗಸರ ಸೀಟಿಗೆ ಹೋಗಿ ಕೂತಳು. ನನ್ನ ಪಕ್ಕದ ಸೀಟು ಖಾಲಿಯಿತ್ತು.

ಮೇ 20

ಸೂಜಿಗೆ ನನ್ನ ಜೊತೆ ಮಾತಿಲ್ಲ. "ಅಮ್ಮಾ, ನಿನ್ನ ತಮ್ಮನಿಗೆ ದಾರಿ ಬಿಡೋಕೆ ಹೇಳು." ಅಮ್ಮನ ಜೊತೆಯೂ ಅರ್ಧ ಮಾತು.

ಕಾಂಪೌಂಡ್ ಹತ್ತಿರ ಹೋಗಿ ಟೀಚರಮ್ಮನಿಗೆ ಎಲ್ಲ ಹೇಳಿದೆ. ನಮ್ಮೂರ ಬೇಲಿಯದ್ದೂ ಹೇಳಿದೆ. ಅವರು ಕೋಲು ಊರಿಕೊಂಡು, ನಿಂತು ನಿಂತು, ಗೇಟು ಬಳಸಿ ಬಂದರು.

ಗರಿ ಸಾಲಿನ ಮುಂದೆ ನಿಂತು ಒಂದು ಗರಿ ಮುರಿದು ಬಾಯಿಗೆ ಹಾಕಿಕೊಂಡರು. ಕೂಗಿಬಿಟ್ಟೆ — ಬಾಯೆಲ್ಲ ನೊರೆಯಾಗುತ್ತೆ ಅಂತ. ಅವರು ಅಗಿಯುತ್ತಲೇ ಕೇಳಿದರು. "ಅಂಗಡೀಲಿ ಏನು ಅಂತ ಕೇಳಿದ್ರಿ?"

"ಸೋಪು."

"ಅವನು ಕೊಟ್ಟಿದ್ದು ಸೋಂಪು. ಊಟ ಆದ್ಮೇಲೆ ಬಾಯಿಗೆ ಹಾಕ್ಕೊಳ್ಳೋದು. ಪೊಟ್ಟಣದ ಮೇಲೆ ಸೊನ್ನೆ ಇರ್ಲಿಲ್ವಾ?"

ಇತ್ತು. ಉಗುರಲ್ಲಿ ಕೆರೆದಿದ್ದೆ. ಸೊನ್ನೆ ಬಿಟ್ಟರೆ ಕಿವಿ ಹಿಂಡ್ತಿದ್ದ ಮೇಷ್ಟ್ರೇ, ಇದ್ದ ಸೊನ್ನೆಯನ್ನು ಅಳಿಸೋಕೆ ಹೊರಟವನಿಗೆ ಏನು ಮಾಡ್ತಿದ್ದಿರಿ?

ಅಕ್ಕ ಹಿಂದಿನಿಂದ, "ನಂಗೂ ವಾಸನೆ ಬರ್ತಿತ್ತು. ನಿನ್ನ ಸೋಪಿಗೆ ಹಾಗೇ ವಾಸನೆ ಅಂದ್ಕೊಂಡೆ" ಅಂದಳು. ನಶ್ಯ ತುಂಬಿದ ನನ್ನ ಮೂಗಿಗೆ ಅದೂ ಇಲ್ಲ. ಮೂರು ತಿಂಗಳು ಸೋಂಪು, ಚೆಂದದ ಹೂ. ಸೋಪು ಎಲ್ಲೂ ಇಲ್ಲ. ನಶ್ಯದ ಡಬ್ಬಿ ತೆಗೆದು ಕಸಕ್ಕೆ ಹಾಕಿದೆ.

ಮೇ 21. ಬೆಳಗ್ಗೆ

ಇಸ್ತ್ರಿ ಅಜ್ಜನ ಮನೆಗೆ ಓಡಿದೆ. ಬಟ್ಟೆ ಒಗೆಯೋ ಕಲ್ಲು ಇಲ್ಲ, ಹಿಂದಿನ ಗಿಡವೂ ಇಲ್ಲ, ಸಿಮೆಂಟು ಹಾಕಿಸಿದ್ದಾರೆ. "ನಿಂಗೆ ಕೊಟ್ಟಿದ್ನಲ್ಲ ಬೇರು?" ಅಂದ ಅಜ್ಜ. "ಎಲ್ಲಿ ಹಾಕ್ದೆ?"

ಎಲ್ಲಿ ಹಾಕಿದೆ...

ಕಳೆ! ಬಚ್ಚಲ ಹಿಂದೆ!

11 ಗಂಟೆ

ಡ್ರಮ್ಮು ಸರಿಸಿದೆ. ಸಂದಿಯಲ್ಲಿ ಒಂದು ಹಿಡಿ ಉಳಿದಿದೆ, ನನ್ನ ಕೈಗೆ ಸಿಗದೆ ಬದುಕಿದ್ದು. ಎಲೆ ಮೇಲೆ ಉದ್ದಕ್ಕೆ ಮೂರು ಗೆರೆ. ಗೆಣ್ಣು ಉಬ್ಬಿದೆ. ತುದಿಯಲ್ಲಿ ಒಂದೇ ಒಂದು ಗೊಂಚಲು, ಇನ್ನೂ ಮೊಗ್ಗು. ಎಷ್ಟು ಸಲ ಕಿತ್ತಿದ್ದೀನಿ ಇದನ್ನ. ಕಿತ್ತ ಕೈ ತೊಳೆದುಕೊಂಡು, ನೀರು ಮೆತ್ತಗಿದೆ ಅಂದಿದ್ದೀನಿ.

ಮೇ 22. ಸಂಜೆ 6.40

ಗೊಂಚಲಲ್ಲಿ ಎರಡು ಮೊಗ್ಗು ಅರಳಿದವು. ಟೀಚರಮ್ಮ, ಅಕ್ಕ, ಭಾವ ಸುತ್ತ ನಿಂತಿದ್ದರು. ಸೂಜಿ ಕಿಟಕಿಯಲ್ಲಿ. ಒಂದು ಹೂವನ್ನಷ್ಟೇ ಹಿಡಿದೆ. ಒಂದು ಎಸಳು ಎಳೆದೆ. ಒಂದೇ ಬಂತು. ಎರಡನೇದು. ಮೂರು. ನಾಲ್ಕು. ಐದು, ಐದೂ ಬೇರೆ ಬೇರೆ. ಪರಿಮಳ ಇದೆ ಅಂದರು ಎಲ್ಲರೂ. ನನಗೂ ಬಂತೇನೋ. ಎರಡು ದಿನದಿಂದ ನಶ್ಯ ಇಲ್ಲ.

ಆಮೇಲೆ ಭಾವ ಒಂದು ಮಾತು ಅಂದರು. "ಬಚ್ಚಲ ನೀರು ಕುಡಿದೇ ಬೆಳೆದ ಗಿಡ. ನೊರೆ ಬಂದ್ರೆ ಗಿಡದ್ದೋ, ನಮ್ಮ ಸ್ನಾನದ್ದೋ?"

ಮೂರು ತಿಂಗಳಲ್ಲಿ ಅವರು ಕೇಳಿದ ಮೊದಲ ಒಳ್ಳೇ ಪ್ರಶ್ನೆ. ಉತ್ತರ ಗೊತ್ತಿಲ್ಲ ಅಂದೆ. ಗೊತ್ತಿಲ್ಲ ಅಂದದ್ದಕ್ಕೆ ಅಕ್ಕ ತಿರುಗಿ ನೋಡಿದಳು.

"ಬೇರು ತೊಳೀತಾ ಹೋಗಿ. ತೊಳೆದ ನೀರು ಅಲ್ಲಾಡಿಸಿದ್ರೂ ನೊರೆ ಬರಬಾರದು. ಆಮೇಲೆ ಕುದಿಸಿ" ಅಂದರು ಟೀಚರಮ್ಮ. "ನಿಜವಾದ ನೊರೆ ಕಾಲು ಗಂಟೆಯಾದ್ರೂ ನಿಲ್ಬೇಕು."

ಬೇರನ್ನು ಒಂಬತ್ತು ನೀರಲ್ಲಿ ತೊಳೆದೆ. ಒಂಬತ್ತನೇದು ಕುಡಿಯೋ ನೀರಿನ ಹಾಗೆ.

ಮೇ 23, ಶುಕ್ರವಾರ. ಬೆಳಗ್ಗೆ 8.05

ಕುದಿಸಿದ್ದು ಸೂಜಿ. ಸೋಸಿದ್ದು ಸೂಜಿ. ಬಾಟಲು ಅವಳೇ ತೊಳೆದು ಬಿಸಿಲಿಗಿಟ್ಟದ್ದು. ನಾನು ಅಡುಗೆಮನೆ ಬಾಗಿಲ ಹೊರಗೆ. "ಅಮ್ಮಾ, ನಿನ್ನ ತಮ್ಮನಿಗೆ ಕೈ ತೋರಿಸೋಕೆ ಹೇಳು." ಎರಡೂ ಕೈ ಚಾಚಿದೆ. "ನೀನೂ ತೋರಿಸಮ್ಮ." ಅಕ್ಕನೂ ಚಾಚಿದಳು. ಅಂಗೈ, ಹಿಂಗೈ, ಉಗುರು. ಬಾಟಲಿನ ವಾಸನೆ ನೋಡಿದಳು. ಸುಮ್ಮನೆ ಮುಚ್ಚಿದಳು.

ಅಲ್ಲಾಡಿಸಿದಳು. ನಾನು ನೋಡಲಿಲ್ಲ, ನನ್ನ ರೂಮಿಗೆ ಬಂದುಬಿಟ್ಟೆ. ಈ ಪುಸ್ತಕ ಹಿಡಿದು ಕೂತಿದ್ದೀನಿ. ಬರದೇ ಹೋದರೆ ಬರಲಿಲ್ಲ ಅಂತಲೇ ಬರೀತೀನಿ.

ಭಾವ ಗಡಿಯಾರ ಹಿಡಿದು ಕೂತಿದ್ದಾರೆ, ಡಿಪೋದಲ್ಲಿ ಕೂಗಿದ ಹಾಗೆ ಕೂಗ್ತಿದ್ದಾರೆ. "ಬಂದಿದೆ." "ಐದು ನಿಮಿಷ. ಇದೆ." "ಎಂಟು. ಇದೆ."

ಎದ್ದು ನೋಡೋಣ ಅನ್ನಿಸುತ್ತೆ. ಬೇಡ. ನಾನು ನೋಡಿದರೆ ಒಡೆದೀತು.

"ಹನ್ನೆರಡು. ಸ್ವಲ್ಪ ಇಳಿದಿದೆ." ಅಕ್ಕನ ದನಿ — "ಇಳಿದ್ರೇನು, ಇದೆಯಲ್ಲ!" "ಹದಿಮೂರು." "ಹದಿನಾಲ್ಕು."

ಕುರ್ಚಿ ಸರಿಯೋ ಸದ್ದು.

ಹೆಜ್ಜೆ ಸಪ್ಪಳ. ಅಕ್ಕನದಲ್ಲ, ಅಕ್ಕ ಕಾಲು ಎಳೀತಾಳೆ. ನನ್ನ ಬಾಗಿಲ ಹೊರಗೆ ನಿಂತಿತು.

"ಮಾವಾ."

ಅಮ್ಮನಿಗೆ ಹೇಳಿದ್ದಲ್ಲ. ನನಗೇ.

"ಮಾವಾ, ಹದಿನೈದಾಯ್ತು, ನೊರೆ ಇದೆ. ಬಸ್ಸಿಗೆ ಟೈಮಾಯ್ತು. ಗಿಡ ಯಾರು ಹಿಡ್ಕೊಳ್ಳೋದು? ಗಿಡಾನೂ ಬೇಕು ಅಂದಿದಾರೆ, ನೀನೇ ಬಂದು ಮೇಡಂಗೆ ಎಸಳು ಒಂದೊಂದೇ ಕಿತ್ತು ತೋರಿಸು."